ಮೇಜಿನ ಮೂಲೆಯ ಕಲೆ

ಮಾರ್ಚ್ ೯, ಸೋಮವಾರ

ಮರದ ಕೊಡತಿ ಬೀಸಿದ ಕೈ ಇನ್ನೂ ಉರಿಯುತ್ತಿದೆ. ಇನ್ನೆರಡು ಬಿಗಿಯಬೇಕಿತ್ತು.

ಮಗಳ ಮದುವೆಗೆ ನಾನೇ ಮಾಡಿಕೊಟ್ಟ ಊಟದ ಮೇಜನ್ನು ಅಳಿಯ ಬೆಳಗ್ಗೆ ಹೊತ್ತು ತಂದ. "ಮಾವ, ಚಹಾ ಚೆಲ್ಲಿ ಕಲೆ ಆಗ್ಬಿಟ್ಟಿದೆ. ಕಪ್ಪಗಿನ ಪಾಲಿಷ್ ಬಳಿದು ಮುಚ್ಚಿಬಿಡಿ" ಎಂದ. ಆ ಮರಕ್ಕೆ ನಾನು ಎಣ್ಣೆ ಮಾತ್ರ ಕುಡಿಸಿದ್ದೆ. ಚೆಲ್ಲಿದ್ದನ್ನೂ ಕುಡಿದಿರುತ್ತದೆ ಎಂದುಕೊಂಡು ಮೂಲೆಯನ್ನು ಉಪ್ಪುಕಾಗದದಿಂದ ಉಜ್ಜಿದೆ. ಸೀಳುಬಿಟ್ಟಿದ್ದ ಅಂಚಿನೊಳಗಿಂದ ಮಗಳ ಉದ್ದನೆಯ ಕೂದಲೆಳೆ ಎದ್ದು ಬಂತು. ಕಲೆಯ ಗುರುತು ನನಗಿಲ್ಲವೇ? ನನ್ನ ಬೆರಳು ಕೊಯ್ದಾಗಲೆಲ್ಲ ಕೆಲಸದ ಹಲಗೆಯ ಮೇಲೆ ಒಣಗುವುದು ಇದೇ ಬಣ್ಣ.

"ಇದ್ಯಾವ ಚಹಾನೋ, ನಾಯಿ?" ಎಂದು ಬೀಸಿದೆ. ಅವನ ಹೆಗಲ ಮೂಳೆ ಲಟಕ್ಕೆಂದಿತು. ನನ್ನವಳು ಕೈಗೆ ಜೋತುಬಿದ್ದಳು. "ಸತ್ತುಗಿತ್ತು ಹೋದಾನು, ಬಿಡ್ರೀ!"

"ಸಾಯ್ಲಿ ಬಿಡೇ. ಹೆಣದ ಪೆಟ್ಟಿಗೆ ನಾನೇ ಮಾಡ್ತೀನಿ, ಪಾಲಿಷ್ ಇಲ್ದೆ."

ಹೆಗಲು ಹಿಡಿದುಕೊಂಡು ಓಡಿದ.

ಮಧ್ಯಾಹ್ನವೇ ಹೋಗಿ ಮಗಳನ್ನು ಕರೆತಂದೆ. ತಲೆಯಲ್ಲಿ ಹೊಲಿಗೆ. ಆ ಮೂಲೆಯನ್ನೇ ಕೆತ್ತಿ ಎಸೆಯಲು ಉಳಿ ಎತ್ತಿದರೆ ಅವಳೇ ತಡೆದಳು. "ಬೇಡಪ್ಪಾ. ಎಲ್ರಿಗೂ ಕಾಣ್ಲಿ."

ಬಣ್ಣವಿಲ್ಲದ ಪಾಲಿಷ್ ಒಂದು ಕೈ ಹೊಡೆದೆ. ಕಲೆ ಹಸಿಯಾಗಿ, ಈಗಷ್ಟೇ ಬಿದ್ದದ್ದು ಅನ್ನುವ ಹಾಗೆ ಎದ್ದು ನಿಂತಿತು. ಹಲ್ಲು ಕಡಿಯುತ್ತ ಅದನ್ನೇ ನೋಡುತ್ತ ಕೂತೆ.

ನಾಳೆ ಬೆಳಗ್ಗೆ ಬೀಗರು ರಾಜಿ ಮಾಡಿಸಿ ಅವಳನ್ನು ಕರೆದುಕೊಂಡು ಹೋಗಲು ಬರುತ್ತಾರಂತೆ. ಬರಲಿ. ಅಷ್ಟು ಹೊತ್ತಿಗೆ ಪಾಲಿಷ್ ಒಣಗಿರುತ್ತದೆ. ಆ ಮೂಲೆಗೇ ಕುರ್ಚಿ ಹಾಕಿ, ಕಲೆಯ ಮೇಲೆ ಕೈಯಿಟ್ಟು ಮಾತಾಡಿ ಎನ್ನುತ್ತೇನೆ. ಕೊಡತಿಯನ್ನು ನನ್ನವಳು ಎಲ್ಲೋ ಬಚ್ಚಿಟ್ಟಿದ್ದಾಳೆ. ಇಟ್ಟುಕೊಳ್ಳಲಿ. ಉಳಿ ಇಲ್ಲೇ ತಲೆದಿಂಬಿನ ಕೆಳಗೆ ಇದೆ.