ಮೂಡಣಕ್ಕೆ ಮುಖ

ಮಾರ್ಚ್ 3, ಬೆಳಿಗ್ಗೆ
ಪೆಟ್ಟಿಗೆಗೆ ಒಳಬಟ್ಟೆ ಹೊಡೆದು ಮುಗಿಸಿದೆ. ಬಿಳಿ ಸ್ಯಾಟಿನ್, ಸುತ್ತ ನೆರಿಗೆ. ಯಜಮಾನರು ತೀರಿಹೋದ ಮೇಲೆ ಮೊದಲ ಆರ್ಡರ್. ಮರಗೆಲಸಕ್ಕೆ ಈಗ ಅಳಿಯ. ಉಳಿಯನ್ನು ಚಮಚದ ಹಾಗೆ ಹಿಡಿಯುತ್ತಾನೆ... ಕಲಿತಾನು. ಕರ್ತನು ಬರುವ ತನಕ ಈ ಶವಪೆಟ್ಟಿಗೆ ಅಂಗಡಿ, ಬಂದ ದಿನವೇ ಬೀಗ — ಅವರ ಹಳೇ ಜೋಕು. ಆ ಬೀಗ ಹಾಕುವ ಆಸೆ ಅವರಿಗಿಂತ ನನಗೇ ಹೆಚ್ಚು.

ಮಾರ್ಚ್ 5
ಇವರನ್ನು ಮಣ್ಣು ಮಾಡಿದ ದಿನದ ಫೋಟೋ ಮಗಳು ತೋರಿಸಿದಳು. ಗುಂಡಿಗೆ ಇಳಿಸಿದ ಪೆಟ್ಟಿಗೆ ತಿರುಗುಮುರುಗು. ನಮ್ಮಲ್ಲಿ ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ. ಕರ್ತನು ಬರುವುದು ಮೂಡಣದಿಂದ. ಕಡೇ ದಿನ ತುತ್ತೂರಿ ಊದಿದಾಗ ಗೋರಿಯಿಂದ ಎದ್ದು ಕೂತವರು ನೇರ ಅವನ ಮುಖ ನೋಡಬೇಕು. ಫೋಟೋದಲ್ಲಿ ಹೂ ಸರಿದಿದೆ, ಮುಚ್ಚಳದ ಶಿಲುಬೆಯ ತಲೆ ಮೂಡಣದ ಗೇಟಿನ ಕಡೆಗಿದೆ. ಇವರು ಕರ್ತನಿಗೆ ಬೆನ್ನು ಹಾಕಿ ಏಳುತ್ತಾರೆ!

ಹೊತ್ತವರನ್ನು ಬಯ್ಯುವಂತಿಲ್ಲ, ಹೂವಿನಡಿ ತಲೆ ಯಾವುದು ಕಾಲು ಯಾವುದು ತಿಳಿಯದು. ಎಲ್ಲರ ಪೆಟ್ಟಿಗೆಯೂ ಭುಜದ ಹತ್ತಿರ ಅಗಲ, ಕಾಲಿನ ಹತ್ತಿರ ಕಿರಿದು. ಇವರು ತಮ್ಮದನ್ನು ಮಾತ್ರ ಎರಡೂ ಕಡೆ ಒಂದೇ ಅಗಲ ಮಾಡಿಟ್ಟುಕೊಂಡಿದ್ದರು, ಕಾಲು ಚಾಚಲು ಜಾಗ ಬೇಕಂತೆ. ಅತಿ ಜಾಣ.

ಮಾರ್ಚ್ 6
ಪಾಸ್ಟರ ಹತ್ತಿರ ಹೋದೆ. ತೆಗೆದು ತಿರುಗಿಸಿ ಎಂದೆ. ಹೂತದ್ದನ್ನು ತೆಗೆಯಲು ಚರ್ಚಿನ ಕಮಿಟಿ ಒಪ್ಪುವುದಿಲ್ಲವಂತೆ. ಸತ್ತವರನ್ನೇ ಎಬ್ಬಿಸುವವನಿಗೆ ಒಬ್ಬನ ದಿಕ್ಕು ತಿರುಗಿಸುವುದು ಯಾವ ಮಹಾ ಕೆಲಸ ಎಂದು ಸಮಾಧಾನ ಹೇಳಿದರು.

"ಕರ್ತನ ಮೇಲೆ ನಂಗೆ ಅನುಮಾನ ಇಲ್ಲ ಅಯ್ಯಾ. ಇವ್ರ ಮೇಲಿದೆ. ಎದ್ದವ್ರೇ ಮೂಗಿನ ನೇರಕ್ಕೆ ಹೊರಟುಬಿಡ್ತಾರೆ. ನಾನು ಕೂಗದೆ ಒಂದಿನಾನೂ ತಿರುಗಿ ನೋಡಿದವ್ರಲ್ಲ."

ನಕ್ಕರು. ನಾನು ನಗಲಿಲ್ಲ.

ಮಾರ್ಚ್ 19
ಆಸ್ಪತ್ರೆಯಿಂದ ಇವತ್ತು ಮನೆಗೆ ಬಂದೆ. ಹೃದಯ ದೊಡ್ಡದಾಗಿದೆಯಂತೆ. ನನ್ನನ್ನು ಜಿಪುಣಿ ಎನ್ನುವ ನಾದಿನಿಗೆ ಈ ರಿಪೋರ್ಟ್ ತೋರಿಸಬೇಕು. ಆಪರೇಷನ್ನಿಗೆ ಕಾಲ ಮೀರಿದೆ ಎಂದರು ಡಾಕ್ಟರ್. ಮಗಳು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನನಗೆ ಕೇಳಿಸದು ಅಂದುಕೊಂಡಿದ್ದಾಳೆ.

ಸಾವೇ, ನಿನ್ನಿಂದಲೇ ಈ ಮನೆಯ ಒಲೆ ಉರಿದದ್ದು, ನಿನ್ನನ್ನು ಕಂಡು ಹೆದರುತ್ತೇನೆಯೇ? ನಿನ್ನ ಆಟ ತುತ್ತೂರಿ ಊದುವ ತನಕ. ಆಮೇಲೆ ನಿನಗೊಂದು ಪೆಟ್ಟಿಗೆ ಹೊಡೆದುಕೊಡುವವರೂ ಇರುವುದಿಲ್ಲ.

ಮಾರ್ಚ್ 22
ಮಗಳ ಕಣ್ಣು ತಪ್ಪಿಸಿ ಆಟೋದಲ್ಲಿ ಸ್ಮಶಾನಕ್ಕೆ. ಇವರ ಪಕ್ಕದ ಜಾಗ ನನಗೆ, ನನ್ನನ್ನಾದರೂ ಸರಿಯಾಗಿ ಮಲಗಿಸು ಎಂದೆ ಗುಂಡಿ ತೋಡುವವನಿಗೆ. ಅಲ್ಲಿ ಬರೀ ಬಂಡೆ, ಅಗೆಯೋದು ಕಷ್ಟ ಎಂದ.

"ಹಾಗಾದ್ರೆ ಈಗ್ಲೇ ಶುರು ಮಾಡಪ್ಪ. ನಾನೇನೂ ಓಡಿಹೋಗಲ್ಲ."

ಮಣ್ಣಿನ ಪಕ್ಕ ನಿಂತಾಗ ಹೊಳೆಯಿತು. ಅವರ ಮುಖ ಪಡುವಣಕ್ಕೆ, ನನ್ನದು ಮೂಡಣಕ್ಕೆ. ಎದ್ದು ಕೂತರೆ ಇಬ್ಬರೂ ಎದುರುಬದುರು. ಅವರಿಗೆ ಮೊದಲು ಕಾಣುವುದು ನಾನು. ನನಗೆ ಕಾಣುವುದು ಅವರ ಭುಜದಾಚೆ ಬರುತ್ತಿರುವ ಕರ್ತನು. ತೆಗೆಯುವುದು ಬೇಡ, ಕಮಿಟಿ ನೆಮ್ಮದಿಯಾಗಿರಲಿ. ಖುಷಿಗೆ ಅಲ್ಲೇ ಕೂತು ಅತ್ತೆ.

ಏಪ್ರಿಲ್ 2, ನಸುಕು
ದಿಂಬಿಗೆ ಒರಗಿಯೇ ಬರೆಯುತ್ತಿದ್ದೇನೆ. ಉಸಿರು ಸಾಲದು. ಬೇಗ ಬಾ ಕರ್ತನೇ, ಕಾದು ಕಾದು ಸಾಕಾಗಿದೆ. ಎದ್ದ ತಕ್ಷಣ ಇವರು ಹರಟೆಗೆ ಕೂರುತ್ತಾರೆ, ಆಸ್ಪತ್ರೆ, ಅಂಗಡಿ, ಅಳಿಯ... ನಾನು ಬಿಡುವುದಿಲ್ಲ. ಗದ್ದ ಹಿಡಿದು ತಿರುಗಿಸುತ್ತೇನೆ. ಮಾತೆಲ್ಲ ಆಮೇಲೆ ರೀ, ಮೊದಲು ಅಲ್ಲಿ ನೋಡಿ, ಅಗೋ