ಹೆಸರಿಲ್ಲದ ಅಚ್ಚು

ಮಾರ್ಚ್ ೧೪, ಮಂಗಳವಾರ, ಮಧ್ಯಾಹ್ನ

ಲ್ಯಾಬಿನಲ್ಲಿ, ನನ್ನ ಮೇಜಿನ ಮುಂದೆ. ಭಾವ ಸಾಮಾನು ತರಲು ಪೇಟೆಗೆ ಹೋಗಿದ್ದಾರೆ. ಹಲ್ಲು ಸುಡುವ ಕುಲುಮೆ ತಣಿಯುತ್ತಿದೆ. ಅದು ಪೂರ್ತಿ ತಣಿಯುವವರೆಗೆ ಬಾಗಿಲು ತೆಗೆಯುವಂತಿಲ್ಲ, ಹಾಗಾಗಿ ನನಗೂ ಕೆಲಸವಿಲ್ಲ.

ಪ್ರೀತಿಯ ಅಕ್ಕ,

ನೀನಿರುವುದು ನನ್ನ ತಲೆಯ ಮೇಲಿನ ಮನೆಯಲ್ಲಿ. ಈಗಷ್ಟೇ ನೀನು ಕುರ್ಚಿ ಎಳೆದದ್ದು ಕೇಳಿಸಿತು. ಇಷ್ಟು ಹತ್ತಿರದಲ್ಲಿರುವವಳಿಗೆ ಕಾಗದ ಬರೆಯುವುದು ತಮಾಷೆಯಾಗಿ ಕಾಣಬಹುದು. ಮೆಟ್ಟಿಲು ಹತ್ತಬೇಕಾದರೆ ಭಾವನ ಗಾಜಿನ ಕೋಣೆಯನ್ನು ದಾಟಬೇಕು, ಫೋನು ಮಾಡಿದರೆ ಎತ್ತುವವರೂ ಅವರೇ, ಅದು ನಿಜ. ಆದರೆ ಇವತ್ತು ಅವರಿಲ್ಲ, ನಾನು ಮೇಲೆ ಬರಬಹುದಿತ್ತು. ಬಂದರೆ ನೀನು "ಮೊದ್ಲು ಟೀ ಕುಡಿ" ಅನ್ನುತ್ತೀಯ. ನಾನು ಕುಡಿದು, ಲೋಟ ತೊಳೆದಿಟ್ಟು, ಏನೂ ಹೇಳದೆ ಇಳಿದು ಬರುತ್ತೇನೆ. ಎಷ್ಟೋ ಸಲ ಹಾಗೇ ಆಗಿದೆ.

ವಿಷಯ ಇಷ್ಟು. ನನಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ಪಕ್ಕದ ಊರಿನ ಲ್ಯಾಬಿನಲ್ಲಿ. ಶುಕ್ರವಾರದೊಳಗೆ ಉತ್ತರ ಹೇಳಬೇಕು.

ಅದು ಸಿಕ್ಕಿದ ರೀತಿ ಹೇಳುತ್ತೇನೆ. ಅವರ ಕುಲುಮೆ ಕೆಟ್ಟು ಕೂತಿತು. ರಿಪೇರಿಯಾಗುವವರೆಗೆ ಅವರಿಗೆ ಬಂದ ಹಲ್ಲುಗಳನ್ನೆಲ್ಲ ನಮ್ಮಲ್ಲಿ ಮಾಡಿಸುವುದೆಂದು ಮಾತಾಯಿತು. ಮೊದಲ ಕಂತನ್ನು ಒಯ್ಯಲು ಆ ಲ್ಯಾಬಿನ ಒಡತಿಯೇ ಬಂದಿದ್ದರು. ವಯಸ್ಸಾದ ಹೆಂಗಸು, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ನೋಡುತ್ತಾರೆ. ನಾನು ಮಾಡಿದ ಒಂದು ದವಡೆ ಹಲ್ಲನ್ನು ಬೆಳಕಿಗೆ ಹಿಡಿದು "ಇದ್ಯಾರ ಕೈ?" ಎಂದು ಕೇಳಿದರು. ಭಾವ "ನಮ್ಮಲ್ಲಿ ಎಲ್ಲಾ ನಂದೇ ಕೈ" ಎಂದು ನಕ್ಕರು. ಅವರು ನನ್ನ ಬೆರಳುಗಳ ಕಡೆ ನೋಡಿದರು. ಉಗುರಿನ ಸಂದಿಯಲ್ಲಿ ಮೇಣ ಇನ್ನೂ ಇತ್ತು. ಮರುದಿನ ಬೆಳಿಗ್ಗೆ ನನ್ನ ಕೋಣೆಗೆ ಫೋನು ಬಂತು.

ಹೂಂ ಅನ್ನಲು ಯೋಚನೆ ಮಾಡಬೇಕಾಗಿಯೇ ಇರಲಿಲ್ಲ. ಆದರೂ ಮಾಡಿದೆ. ಈ ಕೆಲಸಕ್ಕೆ ನನ್ನನ್ನು ಸೇರಿಸಿದವಳು ನೀನು. ಅಮ್ಮನಿಗೆ ನಾವಿಬ್ಬರೂ ಒಂದೇ ಸೂರಿನಡಿ ಇದ್ದೇವೆಂಬ ಸಮಾಧಾನ. ಹೋದ ಸಲ ಬಾಯಿ ಬಿಟ್ಟಾಗ ಅವಳು, "ಹೊರಗಿನವರ ಹತ್ರ ಬೈಸ್ಕೊಳ್ಳೋದಕ್ಕಿಂತ ಭಾವನ ಹತ್ರ ಬೈಸ್ಕೊಳ್ಳೋದೇ ಮೇಲಲ್ವೇನೇ?" ಅಂದಳು. ಬೈಗುಳವೂ ಮನೆಯೊಳಗೇ ಉಳಿಯುತ್ತದೆ ಎಂಬ ಹಾಗೆ.

ನಿನಗೆ ಕೆಳಗಿನದೆಲ್ಲ ಕೇಳಿಸುತ್ತದೆ, ನನಗೆ ಗೊತ್ತು. ನಮ್ಮ ಚಾವಣಿಯೇ ನಿನ್ನ ನೆಲ. ಆದರೂ ಕೇಳಿಸುವುದು ಬೇರೆ, ಎದುರಿಗೆ ನಿಂತಿರುವುದು ಬೇರೆ. ಯಾರ ಕೈಯಲ್ಲಿ ಏನು ಕೆಟ್ಟರೂ ಮೊದಲು ಕರೆಯುವುದು ನನ್ನನ್ನೇ. ಹಲ್ಲುಸಾಲಿನ ಅಚ್ಚು ಒಡೆದವನು ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿರುತ್ತಾನೆ. "ನಮ್ಮ ಮನೆಯವಳು ನೀನು, ನಿಂಗೇ ಜವಾಬ್ದಾರಿ ಇಲ್ಲ ಅಂದ್ರೆ ಸಂಬಳಕ್ಕೆ ಬಂದೋರಿಗೆ ಎಲ್ಲಿಂದ ಬರುತ್ತೆ?" ಎಂದು ಶುರುವಾಗುತ್ತದೆ. ರಜೆ ಕೇಳಿದರೆ ಮನೆಯವಳು, ಹಾಗಾಗಿ ಇಲ್ಲ. ಒಳ್ಳೆಯ ಕೆಲಸ ಮಾಡಿದರೂ ಮನೆಯವಳೇ, ಹಾಗಾಗಿ ಅದು ಅವರದ್ದು. ಬಣ್ಣದ ವಿಷಯವಂತೂ ಬೇಡ. ನಾನು ಹೊಂದಿಸಿದ ಬಣ್ಣ ಅವರಿಗೆ ಇವತ್ತಿನವರೆಗೆ ಸರಿ ಬಂದಿಲ್ಲ. "ಇದು ಹಲ್ಲಾ, ಸುಣ್ಣದ ಗೋಡೇನಾ?" ಎಂದು ಎಲ್ಲರ ಮುಂದೆ ಎತ್ತಿ ತೋರಿಸುತ್ತಾರೆ. ನಾನು ಎತ್ತಿಟ್ಟು, ಒಂದು ದಿನ ಬಿಟ್ಟು, ಅದೇ ಹಲ್ಲನ್ನು ಹಾಗೇ ಕೊಡುತ್ತೇನೆ. "ಹಾಂ, ಈಗ ನೋಡು" ಅನ್ನುತ್ತಾರೆ.

ಪಾಲಿಷ್ ಮಾಡುವ ಮುದುಕರನ್ನು ನಾವೆಲ್ಲ ಧೂಳಪ್ಪ ಅನ್ನುತ್ತೇವಲ್ಲ, ಅವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಬೈಗುಳ ಶುರುವಾದ ಕೂಡಲೇ ಧೂಳೆಳೆಯುವ ಯಂತ್ರ ಹಾಕಿಬಿಡುತ್ತಾರೆ. "ಏನ್ ಮಾಡ್ಲಿ ಸಾರ್, ಧೂಳು ಜಾಸ್ತಿ" ಅನ್ನುತ್ತಾರೆ. ಆ ಗದ್ದಲದಲ್ಲಿ ಭಾವನ ಬಾಯಿ ಆಡುವುದಷ್ಟೇ ಕಾಣುತ್ತದೆ. ನಗು ತಡೆಯುವುದೇ ದೊಡ್ಡ ಕೆಲಸ.

ಇಷ್ಟೆಲ್ಲ ಆದಮೇಲೂ ಭಾನುವಾರ ನಿಮ್ಮಲ್ಲಿಗೆ ಊಟಕ್ಕೆ ಬಂದರೆ ಅಲ್ಲಿರುವ ಭಾವ ಬೇರೆಯೇ ಮನುಷ್ಯ. ಬಡಿಸುತ್ತಾರೆ, ಕಥೆ ಹೇಳುತ್ತಾರೆ, ನೀನು ಹೊಲಿದ ಪರದೆ ತೋರಿಸಿ "ನೋಡು ನಿಮ್ಮಕ್ಕನ ಕೈಕೆಲಸ" ಅನ್ನುತ್ತಾರೆ. ಮೆಟ್ಟಿಲಿನ ಮಧ್ಯೆ ಎಲ್ಲೋ ಒಂದು ಕಡೆ ಅವರು ಬದಲಾಗುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಕೆಲಸದ ಒತ್ತಡ, ಪಾಪ, ಎಂದೂ ಅಂದುಕೊಂಡಿದ್ದೆ.

ಬಿಡುತ್ತೇನೆ ಎಂದು ನಾನು ಹಿಂದೆಯೂ ಹೇಳಿದ್ದೆ, ನೆನಪಿದೆಯಾ? ಪ್ರತಿ ಸಲವೂ ನೀನು ನನ್ನ ಕೈ ಹಿಡಿದುಕೊಂಡು, "ಇನ್ನೊಂದ್ ಸ್ವಲ್ಪ ದಿನ ಇರೇ. ನೀನು ಬಂದ್ಮೇಲೆ ಇವರು ಎಷ್ಟೋ ಸಮಾಧಾನವಾಗಿದಾರೆ" ಅನ್ನುತ್ತಿದ್ದೆ. ನನ್ನ ಕೆಲಸದಿಂದ ಅವರಿಗೆ ನೆಮ್ಮದಿಯಾಗಿದೆ ಎಂಬ ಅರ್ಥದಲ್ಲಿ ಅದನ್ನು ತೆಗೆದುಕೊಂಡು ಸ್ವಲ್ಪ ಉಬ್ಬಿದ್ದೂ ಉಂಟು.

ಇನ್ನು ಹೇಳಬೇಕಾದದ್ದಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತು ಬಳಸಿದೆ.

ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ನಾನು ವಾರ ಪೂರ್ತಿ ಹೋಗಿದ್ದೆನಲ್ಲ, ಆಗ ನೀನು ದಿನಾ ಫೋನು ಮಾಡುತ್ತಿದ್ದೆ. ಅಮ್ಮನ ಕಣ್ಣು ಹೇಗಿದೆ ಎಂದು ಕೇಳಿ, ಕೊನೆಯಲ್ಲಿ, "ಯಾವಾಗ ಬರ್ತೀಯಾ ಕೆಲ್ಸಕ್ಕೆ?" ಅನ್ನುತ್ತಿದ್ದೆ. ನಾನು ಬಂದಮೇಲೆ ನೀನು ಕೆಳಗಿಳಿಯಲಿಲ್ಲ. ಟೀ ಫ್ಲಾಸ್ಕು ಮೆಟ್ಟಿಲ ಮೇಲೆ ಇಟ್ಟಿರುತ್ತಿತ್ತು. ನಾನೇ ಬಂದಾಗ ಮಾಸ್ಕು ಹಾಕಿಕೊಂಡು ಬಾಗಿಲು ಅರ್ಧ ತೆರೆದೆ. "ನೆಗಡಿ ಕಣೇ, ಹತ್ರ ಬರ್ಬೇಡ." ನಿನ್ನ ಹಿಂದೆ ಗಾಜಿನ ಬೀರುವಿನ ಒಂದು ಬಾಗಿಲಿಗೆ ರಟ್ಟು ಹಾಕಿದ್ದು ಕಂಡಿತು. ನಾನು ಕೇಳಲಿಲ್ಲ. ಕೇಳುವ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ.

ನಿನ್ನೆ ಪಕ್ಕದ ಊರಿನ ಎರಡನೇ ಕಂತು ಬಂತು. ಅಲ್ಲಿನ ದಂತವೈದ್ಯರು ಅಚ್ಚಿನ ಮೇಲೆ ರೋಗಿಯ ಹೆಸರು ಹಾಕುವುದಿಲ್ಲ, ಬರೀ ನಂಬರು. ಒಂದು ಪೊಟ್ಟಣ ಬಿಚ್ಚಿದೆ. ಮೇಲಿನ ಮುಂದಿನ ಹಲ್ಲು, ಬಲಗಡೆಯದು, ಮುರಿದಿದೆ. ಹೊಸದು ಮಾಡಬೇಕು. ದಿನಾ ನೋಡುವಂಥದ್ದೇ. ಅಚ್ಚನ್ನು ಕೈಯಲ್ಲಿ ತಿರುಗಿಸಿದೆ. ಕೆಳಸಾಲಿನಲ್ಲಿ ಒಂದು ಹಲ್ಲು ಪಕ್ಕದ್ದರ ಹೆಗಲ ಮೇಲೆ ಹತ್ತಿ ಕೂತಂತಿತ್ತು. ಮೇಲೆ, ಮುರಿದದ್ದರ ಪಕ್ಕ, ಉಳಿದ ಹಲ್ಲಿನ ಅಂಚಿನಲ್ಲಿ ಸಣ್ಣದೊಂದು ಕಚ್ಚು. ದಾರ ಕಚ್ಚಿ ಕಚ್ಚಿ ಸವೆದ ಕಚ್ಚು. "ಕತ್ತರಿ ಇಲ್ವೇನೇ ನಿಂಗೆ?" ಎಂದು ಅಮ್ಮ ಕೂಗುತ್ತಿದ್ದಳು. ನೀನು ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಲ್ಲಿ ದಾರ ಇಟ್ಟುಕೊಂಡೇ ನಗುತ್ತಿದ್ದೆ.

ಅಕ್ಕ, ನಿನ್ನ ಬಾಯಿ ನನ್ನ ಅಂಗೈಯಲ್ಲಿತ್ತು.

ಈ ಅಚ್ಚು ಇಲ್ಲಿಗೆ ಬರಬಾರದೆಂದೇ ನೀನು ಬಸ್ಸು ಹತ್ತಿ ಇನ್ನೊಂದು ಊರಿನ ವೈದ್ಯರ ಹತ್ತಿರ ಹೋಗಿದ್ದೆ. ಅವರು ತಮ್ಮ ಲ್ಯಾಬಿಗೇ ಕಳಿಸಿದ್ದರು. ಅವರ ಕುಲುಮೆ ಕೆಡುತ್ತದೆಂದು ನಿನಗೆ ಹೇಗೆ ಗೊತ್ತಾಗಬೇಕು?

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಭಾವ ಬಂದು ಅಚ್ಚನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಏನು, ಮಹಾರಾಣಿ ಹಲ್ಲಾ? ಹೀಗೆ ನೋಡ್ತಾ ಕೂತ್ರೆ ಬೆಳೆಯುತ್ತಾ?" ಅಂದರು. ಹುಡುಗರು ನಕ್ಕರು. ಅವರು ಅದನ್ನು ಒಂದು ಸಲ ಕಣ್ಣ ಮುಂದೆ ತಿರುಗಿಸಿ, ಟಪ್ಪೆಂದು ಮೇಜಿನ ಮೇಲೆ ಇಟ್ಟು ಹೋದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಇರಲಿಲ್ಲ. ಗುರುತು ಸಿಕ್ಕೂ ಬಚ್ಚಿಟ್ಟುಕೊಂಡಿದ್ದರೆ ನನಗೆ ಗೊತ್ತಾಗುತ್ತಿತ್ತು. ಅವರಿಗೆ ಗುರುತೇ ಸಿಗಲಿಲ್ಲ.

ನಿನ್ನೆ ಮಧ್ಯಾಹ್ನವೇ ಧೂಳಪ್ಪನ ಹತ್ತಿರ ಹೋಗಿ ಕೂತೆ. ಅವರು ಇಲ್ಲಿ ಎಲ್ಲರಿಗಿಂತ ಹಳಬರು. ನಾನು ಬರುವ ಮುಂಚೆ ಇಲ್ಲಿ ಹೇಗಿತ್ತು ಎಂದು ಕೇಳಿದೆ. ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡರು. "ಆಗ ಕೆಳಗಡೆ ಶಾಂತವಾಗೇ ಇರ್ತಿತ್ತು ತಾಯಿ. ಸದ್ದು ಮೇಲಿಂದ ಬರ್ತಿತ್ತು. ನೀನು ಬಂದ್ಮೇಲೆ ಕೆಳಗೆ ಶುರುವಾಯ್ತು." ಮತ್ತೆ ಯಂತ್ರ ಹಾಕಿದರು. ಆ ಗದ್ದಲ ನನ್ನನ್ನು ನಗಿಸಲೆಂದು ಕಲಿತದ್ದಲ್ಲ, ನಾನು ಬರುವ ಮುಂಚಿನಿಂದಲೂ ಅವರು ಹಾಗೇ ಮಾಡುತ್ತಿದ್ದರು ಎಂದು ಆಗ ಹೊಳೆಯಿತು.

ನೀನು ಹೇಗೆ ಬಿದ್ದೆ ಎಂದು ನಾನು ಕೇಳುವುದಿಲ್ಲ. ನೀನು ಬೀಳಲಿಲ್ಲ.

ನೀನು ಹೇಳಿದ ಸಮಾಧಾನ ಯಾವುದು ಎಂದು ನಿನ್ನೆ ಅರ್ಥವಾಯಿತು. ಹಗಲೆಲ್ಲ ಅವರು ನನ್ನ ಮೇಲೆ ಖಾಲಿಯಾಗಿ ಮೇಲೆ ಬರುತ್ತಿದ್ದರು. ನಾನಿಲ್ಲದ ವಾರ ತುಂಬಿಕೊಂಡೇ ಬಂದರು. ನನ್ನನ್ನು ಇಲ್ಲಿ ಸೇರಿಸುವಾಗ ನಿನಗೆ ಇದು ಗೊತ್ತಿತ್ತೋ, ಆಮೇಲೆ ಗೊತ್ತಾಯಿತೋ, ಅದನ್ನೂ ಕೇಳುವುದಿಲ್ಲ. ನಿನ್ನೆ ಸಂಜೆ ಕೇಳಬೇಕೆನಿಸಿತ್ತು. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಇವತ್ತು ಬೆಳಿಗ್ಗೆ ನಿನ್ನ ಹಲ್ಲಿಗೆ ಆಕಾರ ಕೊಡಲು ಕೂತಾಗ ಸಿಟ್ಟು ಕೈಯಲ್ಲಿ ನಿಲ್ಲಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ನಾನೂ ನಿನ್ನನ್ನು ಕರೆಸಿಕೊಳ್ಳುತ್ತಿದ್ದೆನೋ ಏನೋ.

ಈಗ ಕುಲುಮೆಯಲ್ಲಿ ತಣಿಯುತ್ತಿರುವುದು ಅದೇ ಹಲ್ಲು.

ಬೆಳಿಗ್ಗೆಯಿಂದ ಎರಡೂ ಕಡೆ ಯೋಚಿಸಿದ್ದೇನೆ. ನಾನು ಹೋದರೆ ಅವರು ಬೆಳಗಿನಿಂದ ಸಂಜೆಯವರೆಗೆ ತುಂಬಿಕೊಂಡು ನಿನ್ನ ಬಾಗಿಲಿಗೆ ಬರುತ್ತಾರೆ. ಉಳಿದರೆ ನಾನು ನಿನ್ನ ಬಾಗಿಲಿನ ಚಿಲಕವಾಗಿ ಇಲ್ಲೇ ಮುದುಕಿಯಾಗುತ್ತೇನೆ. ಚಿಲಕವಾಗಿ ಉಳಿದರೆ ನಿನಗೆ ಏನೂ ಆಗುವುದಿಲ್ಲ ಎಂದಿದ್ದರೆ ಉಳಿದುಬಿಡುತ್ತಿದ್ದೆ, ನನ್ನ ಬಗ್ಗೆ ನನಗೆ ಅಷ್ಟು ಗೊತ್ತು. ಆದರೆ ಅಮ್ಮನ ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದಷ್ಟು ದಿನಕ್ಕೆ ನಿನ್ನ ಒಂದು ಹಲ್ಲು ಹೋಯಿತು. ಇನ್ನೊಂದು ಕಣ್ಣಿನ ಆಪರೇಷನ್ ಬಾಕಿ ಇದೆ. ನನಗೆ ಜ್ವರ ಬರಬಹುದು. ವಾರಕ್ಕೊಂದು ಭಾನುವಾರವಂತೂ ಬಂದೇ ಬರುತ್ತದೆ. ನಾನು ಎಷ್ಟು ಬೈಸಿಕೊಂಡರೂ ಅದು ಸಾಲುವುದಿಲ್ಲ ಅಕ್ಕ. ನಾವಿಬ್ಬರೂ ಮೇಲೊಂದು ಕೆಳಗೊಂದು ಕೋಣೆಯಲ್ಲಿ ಕೂತು, ಇವತ್ತು ನಿನ್ನ ಸರದಿಯೋ ನನ್ನ ಸರದಿಯೋ ಎಂದು ಮೆಟ್ಟಿಲ ಸದ್ದು ಕೇಳುತ್ತಿರುತ್ತೇವೆ, ಅಷ್ಟೇ.

ಆದ್ದರಿಂದ ತೀರ್ಮಾನ ಮಾಡಿದ್ದೇನೆ. ಶುಕ್ರವಾರ ಆ ಒಡತಿಗೆ ಹೂಂ ಅನ್ನುತ್ತೇನೆ. ಇನ್ನೂ ಅಂದಿಲ್ಲ. ಭಾವನಿಗೂ ಹೇಳಿಲ್ಲ. ನೀನು ಇದನ್ನು ಓದುವ ಮುಂಚೆ ಹೇಳುವುದೂ ಇಲ್ಲ. ಗುರುವಾರ ನಿನಗೆ ಹಲ್ಲು ಕೂರಿಸುತ್ತಾರೆಂದು ಚೀಟಿಯಲ್ಲಿದೆ. ನಾಳೆ ಬೆಳಿಗ್ಗೆ ಒಡತಿ ಪೊಟ್ಟಣ ಒಯ್ಯುತ್ತಾರೆ. ಈ ಕಾಗದ ನಿನ್ನ ಹಲ್ಲಿನ ಡಬ್ಬಿಯಲ್ಲೇ, ಹತ್ತಿಯ ಕೆಳಗೆ ಇರುತ್ತದೆ. ವೈದ್ಯರೇ ನಿನ್ನ ಕೈಗೆ ಕೊಡುತ್ತಾರೆ. ಒಡತಿಗೆ ಇಷ್ಟೇ ಹೇಳುತ್ತೇನೆ: ಈ ಹಲ್ಲು ನಮ್ಮ ಕಡೆಯವರದ್ದು, ಒಳಗಿನ ಕಾಗದ ಅವರ ಕೈಗೇ ಕೊಡಲು ವೈದ್ಯರಿಗೆ ಹೇಳಿ.

ಅಲ್ಲಿ ನನಗೆ ಕೊಟ್ಟಿರುವ ಮನೆ ಲ್ಯಾಬಿನ ಹಿಂದುಗಡೆ. ಒಂದೇ ಕೋಣೆ, ಕಿಟಕಿ ದೊಡ್ಡದು. ಹೊಲಿಗೆ ಯಂತ್ರ ಇಡಲು ಬೆಳಕಿರುವ ಜಾಗವಿದೆ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಚಿಕ್ಕಂದಿನಲ್ಲಿ ನೀನು ಹೋದಲ್ಲೆಲ್ಲ ನಾನು ಬರುತ್ತಿದ್ದೆನೆಂದು ಬೀದಿಯವರೆಲ್ಲ ನನ್ನನ್ನು ನಿನ್ನ ಬಾಲ ಎಂದೇ ಕರೆಯುತ್ತಿದ್ದರು. ಈ ಸಲ ಬಾಲ ಮುಂದೆ ಹೋಗಬೇಕಾಗಿ ಬಂದಿದೆ.

ಹೊರಗೆ ಬೈಕು ನಿಂತ ಸದ್ದಾಯಿತು. ನಿಲ್ಲಿಸುತ್ತೇನೆ.

ಇಂತಿ,
ನಿನ್ನ ಬಾಲ

ತಾ.ಕ.: ಸಂಜೆ. ಹಲ್ಲು ಹೊರಬಂತು. ಅಚ್ಚಿನ ಮೇಲೆ ಚೆನ್ನಾಗಿ ಕೂರುತ್ತದೆ, ಗಟ್ಟಿಯಾಗಿದೆ. ಪಕ್ಕದ ಹಲ್ಲಿನಲ್ಲಿರುವ ಕಚ್ಚಿಗೆ ಹೊಂದುವ ಹಾಗೆ ಇದರ ಅಂಚನ್ನೂ ಚೂರು ಸವೆಸಿದ್ದೇನೆ. ಬಣ್ಣ ಮಾತ್ರ ತಪ್ಪಾಗಿದೆ. ನಿನ್ನ ಹಲ್ಲಿಗಿಂತ ಒಂದು ಮಟ್ಟ ಬಿಳುಪು. ಬೇಕೆಂದೇ ಮಾಡಿದ್ದು. ವೈದ್ಯರು ಕಂಡುಹಿಡಿಯುತ್ತಾರೆ. ಲ್ಯಾಬಿಗೇ ಹೋಗಿ ಎದುರಿಗೆ ಕೂತು ಬಣ್ಣ ಹೊಂದಿಸಿಕೊಂಡು ಬನ್ನಿ ಅನ್ನುತ್ತಾರೆ. ಅವರ ಲ್ಯಾಬು ಅಂದರೆ, ಮುಂದಿನ ವಾರದಿಂದ ನಾನಿರುವ ಲ್ಯಾಬು. ಮನೆಯಿಂದ ಹೊರಡಲು ನಿನಗೆ ಸುಳ್ಳು ಹೇಳುವ ಅಗತ್ಯವೇ ಇರುವುದಿಲ್ಲ. ಬರುವಾಗ ಏನೇನು ತರಬೇಕು ಎಂಬುದನ್ನು ನೀನೇ ನೋಡಿಕೋ. ಬೇಡ, ಇದೇ ಇರಲಿ ಎಂದು ಹಾಗೇ ಕೂರಿಸಿಕೊಂಡರೆ, ನಾನು ಅರ್ಥಮಾಡಿಕೊಳ್ಳುತ್ತೇನೆ. ಕಿಟಕಿಯ ಕೆಳಗಿನ ಜಾಗ ಮಾತ್ರ ಖಾಲಿ ಇಟ್ಟಿರುತ್ತೇನೆ.

ಡಬ್ಬಿಗೆ ಹಾಕುವ ಮುಂಚೆ ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಈಗ ಕಲಿತೆ ನೋಡು ಬಣ್ಣ ಅಂದ್ರೇನು ಅಂತ," ಎಂದರು. "ಕಳ್ಸು."