ಹಬ್ಬದ ದಿನ ಲ್ಯಾಪ್‌ಟಾಪಿಗೆ ಕೊಟ್ಟ ತುತ್ತು

ಮಾಕಳಿ,
೫-೧೦-೧೯೯೮, ಸೋಮವಾರ

ಚಿ. ಶಶಿಕಲಾಳಿಗೆ ನಿನ್ನ ದೊಡ್ಡಪ್ಪ ಗದಿಗೆಪ್ಪನ ಮನಸಾರೆ ಆಶೀರ್ವಾದಗಳು.

ನಮ್ಮವ್ವ ಶಿವಲಿಂಗಮ್ಮನ ಮೊಣಕಾಲು ಹೇಗಿದೆ? ಎದ್ದು ಓಡಾಡುತ್ತಾಳೋ, ಇಲ್ಲ ಮಂಚದ ಮೇಲಿಂದಲೇ ಮನೆ ಆಳುತ್ತಾಳೋ? ನಿಮ್ಮಪ್ಪ ಈರೇಶನ ಕೆಮ್ಮು ಇಳಿಯಿತೇ? ಸೈಕಲ್ಲಿನಿಂದ ಬಿದ್ದ ನಿನ್ನ ತಮ್ಮ ಅಮರೇಶನ ಕೈಯ ಪಟ್ಟಿ ಬಿಚ್ಚಿದರೇ? ಒಬ್ಬೊಬ್ಬರದೂ ಬಿಡಿಸಿ ಬರೆ. ಇಲ್ಲಿ ನಾನೂ ನಿನ್ನ ದೊಡ್ಡಮ್ಮನೂ ಚೆನ್ನಾಗಿದ್ದೇವೆ.

ಶನಿವಾರ ನೀನು ದಾವಣಗೆರೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದಾಗ ಫೋನು ಮಾಡಿ ಹೊರಗೆ ಕರೆಸಿದೆ. ಗಾಬರಿಯಲ್ಲಿ ಅರ್ಧಂಬರ್ಧ ಹೇಳಿದೆ, ಆಮೇಲೆ ಏನಾಯಿತೆಂದು ತಿಳಿಸಲೂ ಇಲ್ಲ. ಈಗ ಮೊದಲಿನಿಂದ ಬರೆಯುತ್ತೇನೆ.

ನಮ್ಮ ಪೀಣ್ಯದ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಇದೆ. ಆಯುಧಪೂಜೆಯ ದಿನ ಯಾವ ಯಂತ್ರಕ್ಕೂ ಖಾಲಿ ಬಾಯಲ್ಲಿ ಪೂಜೆ ಮಾಡುವುದಿಲ್ಲ. ಲೇತಿಗೆ ಒಂದು ಕಬ್ಬಿಣದ ತುಂಡು ಕಚ್ಚಿಸುತ್ತೇವೆ, ಡ್ರಿಲ್ಲಿಗೆ ಬಿಟ್ ಹಾಕುತ್ತೇವೆ, ತುಂಡು ಬಿಗಿಹಿಡಿಯುವ ವೈಸಿನ ದವಡೆಯಲ್ಲೂ ಏನಾದರೂ ಇರಲೇಬೇಕು. ವರ್ಷವಿಡೀ ಅದರ ಬಾಯಿಗೆ ಕೆಲಸ ಬೀಳಲಿ ಎಂದು. ಈ ವರ್ಷ ಮಾಲೀಕರಾದ ಭಾನುಪ್ರಕಾಶ್ ಅವರು ಕಂಪ್ಯೂಟರಿನ ಆಜ್ಞೆಯಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಕಳಿಸಲೆಂದು ಒಂದು ಹಳೆಯ ಲ್ಯಾಪ್‌ಟಾಪ್ ತಂದಿದ್ದಾರೆ. ಅದನ್ನು ನೋಡಿಕೊಳ್ಳುವುದು ಶೀತಲ್ ಎಂಬ ಹುಡುಗಿ, ನಿನ್ನದೇ ವಯಸ್ಸು. ಮಹದೇವಪುರದಿಂದ ಎರಡು ಬಸ್ಸು ಬದಲಿಸಿ ಬರುತ್ತಾಳೆ. ಸೇರಿ ಇನ್ನೂ ಮೂರು ತಿಂಗಳು.

ಹಬ್ಬದ ದಿನ ನಾನೇ ಅದನ್ನು ಒಣಬಟ್ಟೆಯಲ್ಲಿ ಒರೆಸಿ, ಮುಚ್ಚಳದ ಮೇಲೆ ವಿಭೂತಿ ಎಳೆದು, ಒಂದು ಚೆಂಡುಹೂವಿಟ್ಟೆ. ಪಕ್ಕದಲ್ಲಿ ಶೀತಲ್ ಫ್ಲಾಪಿ ತೂರಿಸುವ ಸಂದಿ ಕಾಣಿಸಿತು. ಅಯ್ಯೋ, ಇದೊಂದರ ಬಾಯಿ ಖಾಲಿ ಇದೆಯಲ್ಲ ಅನ್ನಿಸಿತು. ಡಬ್ಬಿಯಿಂದ ಹೊಸದೊಂದು ಫ್ಲಾಪಿ ತೆಗೆದು ಒಳಗೆ ತಳ್ಳಿದೆ. ಟಕ್ಕೆಂದು ಕೂತಿತು. ಕೈಮುಗಿದು ಮರೆತೂಬಿಟ್ಟೆ.

ಹಬ್ಬ, ಗಾಂಧಿ ಜಯಂತಿ ಎರಡೂ ಕಳೆದು ಶನಿವಾರ ಬಾಗಿಲು ತೆಗೆದೆವು. ಶೀತಲ್ ಸ್ವಿಚ್ ಒತ್ತಿದಳು. ಕಪ್ಪು ಪರದೆ, ಅದರ ಮೇಲೆ ಎರಡು ಸಾಲು ಇಂಗ್ಲಿಷು, ಅಷ್ಟೇ. ಆರಿಸಿ ಹಚ್ಚಿದಳು, ಮತ್ತೆ ಅದೇ. ಡಿಸ್ಕಿನಲ್ಲಿ ದೋಷ ಎಂದು ಬರೆದಿರುವುದನ್ನು ಓದಿದಳು. ಒಳಗಿನ ಡಿಸ್ಕೇ ಕೆಟ್ಟಿದೆ, ಪ್ರೋಗ್ರಾಂ ಎಲ್ಲ ಹೋಗಿರಬೇಕು ಎಂದಳು. ತನ್ನ ಫ್ಲಾಪಿಯನ್ನು ಹಬ್ಬಕ್ಕೆ ಮುಂಚೆ ತಾನೇ ತೆಗೆದಿಟ್ಟಿದ್ದವಳಿಗೆ ಒಳಗೆ ಇನ್ನೊಂದು ಇದೆಯೆಂದು ಹೊಳೆಯುವುದಾದರೂ ಹೇಗೆ?

ಮಾಲೀಕರಿಗೆ ಸಿಟ್ಟು ನೆತ್ತಿಗೇರಿತು. "ಕೊನೇಲಿ ಮುಟ್ಟಿದ್ದು ನೀವೇ ತಾನೇ? ಮೂರು ತಿಂಗಳ ಪ್ರೋಗ್ರಾಂ ಕಣ್ರೀ! ಸೋಮವಾರದಿಂದ ಬರ್ಬೇಡಿ" ಎಂದುಬಿಟ್ಟರು. ಆ ಮಗು ತನ್ನ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿತ್ತು. ನನಗೆ ನೋಡಲಾಗಲಿಲ್ಲ. "ಮಧ್ಯಾಹ್ನದ ತನಕ ಇರಮ್ಮ" ಎಂದು ಹೇಳಿ, ಪರದೆಯ ಮೇಲಿದ್ದುದನ್ನು ಚೀಟಿಯಲ್ಲಿ ನಕಲು ಮಾಡಿಕೊಂಡು ಎಸ್‌ಟಿಡಿ ಬೂತಿಗೆ ಬಂದೆ. ಕಬ್ಬಿಣಕ್ಕೆ ಅಕ್ಷರದ ಪಂಚ್ ಹೊಡೆದು ಹೊಡೆದು ಇಂಗ್ಲಿಷಿನ ದೊಡ್ಡಕ್ಷರ ಕಲಿತವನು ನಾನು. ಚಿಕ್ಕಕ್ಷರಗಳನ್ನು ರಂಗೋಲಿಯ ಹಾಗೆ ನೋಡಿ ಬರೆದಿದ್ದೆ.

ಆ ಚೀಟಿಯನ್ನು ಫೋನಿನಲ್ಲಿ ಒಂದೊಂದೇ ಅಕ್ಷರವಾಗಿ ಹೇಳತೊಡಗಿದಾಗ ನೀನು ಅರ್ಧಕ್ಕೇ ನಿಲ್ಲಿಸಿ, "ದೊಡ್ಡಪ್ಪ, ಗಾಬ್ರಿ ಬ್ಯಾಡ್ರಿ. ಹಬ್ಬದ ದಿನ ಅದಕ್ಕ ಏನೇನು ಮಾಡಿದ್ರಿ, ಒಂದೂ ಬಿಡದಂಗ ಹೇಳ್ರಿ" ಎಂದೆ. ಬಟ್ಟೆ ಹೇಳಿದೆ, ವಿಭೂತಿ ಹೇಳಿದೆ, ಹೂವು ಹೇಳಿದೆ. ಫ್ಲಾಪಿ ಎಂದು ಬಾಯಿಗೆ ಬಂದಾಗಲೇ ತಪ್ಪು ನನ್ನದೆಂದು ಹೊಳೆಯಿತು. ಈಗ ನಗುತ್ತಾಳೆ ಎಂದುಕೊಂಡೆ. ನೀನು ನಗಲಿಲ್ಲ ಮಗಳೇ.

"ಅದು ಎದ್ದ ಕೂಡ್ಲೇ ಮೊದಲು ಫ್ಲಾಪಿ ನೋಡ್ತೈತ್ರಿ. ಖಾಲಿ ಫ್ಲಾಪಿ ಸಿಕ್ರ ಅಲ್ಲೇ ನಿಂತುಬಿಡ್ತೈತಿ. ಏನೂ ಕೆಟ್ಟಿಲ್ಲ. ಪಕ್ಕದ ಗುಂಡಿ ಒತ್ತಿ ಫ್ಲಾಪಿ ತೆಗೀರಿ, ಆಮೇಲೆ ಯಾವುದಾದ್ರೂ ಒಂದು ಕೀ ಒತ್ರಿ" ಎಂದೆ ನೀನು. ಫೋನು ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದೆ: "ಆಕಿ ಎದುರಿಗೇ ತೆಗೀರಿ ದೊಡ್ಡಪ್ಪ. ಯಾರೂ ಇಲ್ದಾಗ ತೆಗೀಬ್ಯಾಡ್ರಿ."

ನಿನ್ನಿಂದ ಮುಚ್ಚಿಡುವುದೇಕೆ? ರಸ್ತೆ ದಾಟುವಷ್ಟರಲ್ಲಿ ನನ್ನ ಮನಸ್ಸು ಅದೇ ಲೆಕ್ಕ ಹಾಕಿತ್ತು. ಎಲ್ಲರೂ ಊಟಕ್ಕೆ ಹೊರಗೆ ಕೂತಿದ್ದರು, ಲ್ಯಾಪ್‌ಟಾಪಿನ ಹತ್ತಿರ ಯಾರೂ ಇರಲಿಲ್ಲ. ಫ್ಲಾಪಿ ಎಳೆದು ಜೇಬಿಗೆ ಹಾಕಿಕೊಂಡಿದ್ದರೆ ಯಂತ್ರ ತಾನಾಗಿ ಎದ್ದಿತು ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ದುಡಿದ ಮೇಸ್ತ್ರಿ ಎಂಬ ನನ್ನ ಹೆಸರು ಉಳಿಯುತ್ತಿತ್ತು. ಆದರೆ ಕೆಡಿಸಿದವಳು ಎಂಬ ಮಾತು ಆ ಹುಡುಗಿಯ ಮೇಲೆಯೇ ನಿಲ್ಲುತ್ತಿತ್ತು. ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ನಿನ್ನ ಮಾತು ಕೇಳಿಸಿತು. ಬೆರಳು ತೆಗೆದೆ.

ಎಲ್ಲರೂ ಬರುವವರೆಗೆ ಕಾದೆ. ಮಾಲೀಕರನ್ನೂ ಕರೆದು, "ತಪ್ಪು ನಂದು ಸಾರ್, ಆ ಮಗೂದಲ್ಲ" ಎಂದು ಎಲ್ಲ ಹೇಳಿ, ಶೀತಲ್ ಕೈಯಿಂದಲೇ ಗುಂಡಿ ಒತ್ತಿಸಿದೆ. ಫ್ಲಾಪಿ ಹೊರಗೆ ಬಂತು. ಒಂದು ಕೀ ಒತ್ತಿದಳು. ಗರ್ ಎಂದು ಸದ್ದು ಮಾಡಿ ಪರದೆ ಬೆಳಗಿತು. ಪ್ರೋಗ್ರಾಂಗಳ ಹೆಸರುಗಳು ಒಂದೂ ತಪ್ಪದೆ ಸಾಲಾಗಿ ನಿಂತಿದ್ದವು.

"ಏನ್ರೀ ಗದಿಗೆಪ್ನೋರೇ, ಇದಕ್ಕೂ ತಿನ್ಸಿಬಿಟ್ರಾ!" ಎಂದು ಮಾಲೀಕರು ಹಣೆ ಬಡಿದುಕೊಂಡರು. ಇಲ್ಲಿ ಮಾಕಳಿಯವನೇ ಆದ ಚಿಕ್ಕಮುನಿಯಪ್ಪ, ನನ್ನ ಜೊತೆ ಲೇತ್ ಓಡಿಸುವವನು, ಬಿಡುತ್ತಾನೆಯೇ? "ಅಂಗಾರೆ ಮುಂದಿನ್ ಸಲ ಒಬ್ಬಟ್ಟೇ ತುರುಕ್ಬುಡಣ್ಣೋ, ಒಟ್ಟೆ ತುಂಬಾ ತಿನ್ಲಿ!" ಎಂದ. ಎಲ್ಲರೂ ನಕ್ಕರು. ನನಗೂ ನಗು ಬಂತು. ಅಷ್ಟು ಹೆದರಿದ್ದು ಇಷ್ಟಕ್ಕೆಯೇ ಅನ್ನಿಸಿತು.

ಮಾಲೀಕರಿಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ. ಕಾಫಿ ತರಿಸಿ ಮೊದಲ ಲೋಟವನ್ನು ತಾವೇ ಶೀತಲ್ ಮುಂದೆ ಇಟ್ಟು, "ಸೋಮವಾರ ಬೇಗ ಬನ್ನಿ, ಕೆಲಸ ಜಾಸ್ತಿ ಇದೆ" ಎಂದರು. ಅವಳು ಚೀಲದಿಂದ ಊಟದ ಡಬ್ಬಿ ತೆಗೆದು ಮತ್ತೆ ಮೇಜಿನ ಮೇಲಿಟ್ಟಳು. ಇವತ್ತು ನಮ್ಮೆಲ್ಲರಿಗಿಂತ ಮುಂಚೆ ಬಂದು ಕೂತಿದ್ದಳು.

ಯಂತ್ರವನ್ನು ಎಬ್ಬಿಸಿದ್ದಕ್ಕೆ ನಿನಗೆ ಋಣಿ ಎಂದು ಬರೆಯಲು ಕೂತೆ. ಅಷ್ಟಕ್ಕೇ ಅಲ್ಲ ಶಶಿ. ನಾನು ಎತ್ತಿ ಆಡಿಸಿದ ಮಗು ನೀನು. ನಾನು ಏನು ಮಾಡಿಬಿಡಬಹುದೆಂದು ಅಷ್ಟು ದೂರದಿಂದಲೇ ನಿನಗೆ ತಿಳಿಯಿತು, ಆದರೂ ನನ್ನನ್ನು ಸಣ್ಣವನನ್ನಾಗಿ ಮಾಡಲಿಲ್ಲ. ವಯಸ್ಸಾದವರಿಗೆ ಬುದ್ಧಿ ಹೇಳುವುದು ಸುಲಭವಲ್ಲ, ಮರ್ಯಾದೆ ಉಳಿಸಿ ಹೇಳುವುದು ಇನ್ನೂ ಕಷ್ಟ. ನಿನಗೆ ಒಳ್ಳೆಯದಾಗಲಿ. ನಿನ್ನ ಕೈಕೆಳಗೆ ಕಲಿಯುವ ಮಕ್ಕಳು ಪುಣ್ಯವಂತರು.

ಬೇಗ ಕಾಗದ ಬರೆ. ಬರೀ ಕ್ಷೇಮಸಮಾಚಾರ ಸಾಲದು; ನಿನ್ನ ಕೈಯಿಂದಲೂ ಏನಾದರೂ ತಪ್ಪಾಗಿ, ಯಾರಿಗೂ ಹೇಳಲಾಗದೆ ಇಟ್ಟುಕೊಂಡಿದ್ದರೆ ಅದನ್ನೂ ಬರೆ. ನಾನೂ ನಗುವುದಿಲ್ಲ.

ಇಂತಿ ನಿನ್ನ ಪ್ರೀತಿಯ ದೊಡ್ಡಪ್ಪ,
ಗದಿಗೆಪ್ಪ